ಕಣ್ಣಿನ ಮಗು, ಕಿವಿಯ ಮಗು ಅಂತ ಹಂಚಬೇಡವ್ವಾ

ಹರಿಹರ ತಾಲ್ಲೂಕಿನ ಸರ್ಕಾರಿ ಶಾಲೆಗೆ ಹೊಸದಾಗಿ ನೇಮಕವಾದ ತಮ್ಮನ ಮಗಳಿಗೆ ನಿವೃತ್ತ ಮೇಷ್ಟ್ರು ದೊಡ್ಡಪ್ಪನ ಕಿವಿಮಾತು

ನೋಡವ್ವಾ, ತರಬೇತಿಯಲ್ಲಿ ಕೊಟ್ಟರೆಂದು ನೀನು ಕಳಿಸಿದ ಪ್ರಶ್ನಾವಳಿ ಓದಿದೆ. ಮಗುವಿಗೆ ಒಂದಷ್ಟು ಪ್ರಶ್ನೆ ಕೇಳುವುದು, ಉತ್ತರಕ್ಕೆ ಗುರುತು ಹಾಕುವುದು, ಕೊನೆಗೆ ‘ನೋಡಿ ಕಲಿಯುವವನು’, ‘ಕೇಳಿ ಕಲಿಯುವವನು’, ‘ಮಾಡಿ ಕಲಿಯುವವನು’ ಅಂತ ಹಣೆಗೆ ಚೀಟಿ ಅಂಟಿಸುವುದು. “ತರಗತೀಲಿ ಮೂರು ಗುಂಪು ಮಾಡಿ ಕೂರಿಸಲಾ ದೊಡ್ಡಪ್ಪ?” ಅಂತ ಕೇಳಿದ್ದೀಯ. ಬೇಡ. ಯಾಕೆ ಬೇಡ, ಅದರ ಬದಲು ಏನು ಮಾಡಬಹುದು ಅನ್ನೋದನ್ನು ನೆನಪಾದ ಹಾಗೆ ಬರೆದಿದ್ದೇನೆ. ಇಬ್ಬರೇ ಶಿಕ್ಷಕಿಯರ ಶಾಲೆ ನಿಮ್ಮದು. ಸಣ್ಣ ತರಗತಿಗಳ ನಲಿಕಲಿ ಕೊಠಡಿಯೂ ನಿನ್ನದೇ, ನಾಲ್ಕು–ಐದನೇ ತರಗತಿಯ ಗಣಿತವೂ ನಿನ್ನದೇ. ಹಾಗಾಗಿ ಎರಡಕ್ಕೂ ಆಗುವಂತೆ ಬರೆದಿದ್ದೇನೆ.

• ಮೊದಲು ಆ ಪ್ರಶ್ನಾವಳಿಯ ವಿಷಯ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1992ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಬರೆದ ಲೇಖನದಿಂದ ‘ವಾರ್ಕ್’ ಅನ್ನೋ ವಿಂಗಡಣೆ ಹೆಸರಾಯಿತು: ನೋಡುವುದು, ಕೇಳುವುದು, ಓದಿ ಬರೆಯುವುದು, ಮಾಡುವುದು. ಕಲಿಯುವವರು ತಮ್ಮ ಬಗ್ಗೆ ತಾವು ಯೋಚಿಸಲಿ ಅಂತ ಅವರು ಕೊಟ್ಟದ್ದು. ಅದು ಊರೂರು ದಾಟಿ ನಮ್ಮ ತರಬೇತಿಗಳಿಗೆ ಬರುವಷ್ಟರಲ್ಲಿ ಮಕ್ಕಳನ್ನು ಬೇರೆ ಬೇರೆ ಸಾಲಿಗೆ ಹಾಕುವ ಜರಡಿಯಾಗಿತ್ತು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನೋವಿಜ್ಞಾನಿಗಳು ಈ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಕೂತು ತೂಗಿ ನೋಡಿದರು. ‘ಕಣ್ಣಿನ’ ಮಗುವಿಗೆ ಚಿತ್ರದಿಂದ, ‘ಕಿವಿಯ’ ಮಗುವಿಗೆ ಮಾತಿನಿಂದ ಕಲಿಸಿ, ಇಬ್ಬರಿಗೂ ಒಂದೇ ಪರೀಕ್ಷೆ ಕೊಟ್ಟಾಗ ಅವರವರ ದಾರಿಯಲ್ಲಿ ಕಲಿತವರು ಮುಂದಿರಬೇಕು ತಾನೆ? ಅದನ್ನು ತೋರಿಸುವಷ್ಟು ಪುರಾವೆ ಅವರಿಗೆ ಸಿಗಲಿಲ್ಲ. 1983ರಲ್ಲಿ ಬಹುಬುದ್ಧಿಯ ಸಿದ್ಧಾಂತ ಮುಂದಿಟ್ಟ ಹೊವಾರ್ಡ್ ಗಾರ್ಡ್ನರ್ ಕೂಡ, ತಾನು ಹೇಳಿದ್ದು ಕಲಿಕಾ ಶೈಲಿಯ ಮಾತಲ್ಲ ಅಂತ ಆಮೇಲೆ ಬಾಯಿಬಿಟ್ಟು ಹೇಳಬೇಕಾಯಿತು.

ಹಾಗಂತ ಮಕ್ಕಳೆಲ್ಲ ಒಂದೇ ಥರ ಅಂತ ತಿಳಿಯಬೇಡ. ನಿನ್ನ ಕೊಠಡಿಗೆ ಕಾಲಿಟ್ಟ ದಿನವೇ ಗೊತ್ತಾಗುತ್ತೆ ಎಷ್ಟು ಥರ ಇದ್ದಾರೆ ಅಂತ. ಅವರ ನಡುವಿನ ವ್ಯತ್ಯಾಸ ಮಾತ್ರ ಆ ಹಾಳೆ ಹುಡುಕುವ ಜಾಗದಲ್ಲಿ ಇಲ್ಲ.

• ಶೈಲಿ ಹುಡುಕುವ ಮೊದಲು ಕಣ್ಣು–ಕಿವಿ ಸರಿಯಿವೆಯಾ ನೋಡು. ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ‘ಇವನಿಗೆ ಬೋರ್ಡ್ ಮೇಲೆ ಬರೆದದ್ದು ಹತ್ತೋದಿಲ್ಲ, ಬಾಯಲ್ಲಿ ಹೇಳಿದರೆ ಚುರುಕು’ ಅನ್ನುವ ಹುಡುಗನನ್ನು ಆ ಪ್ರಶ್ನಾವಳಿ ‘ಕೇಳಿ ಕಲಿಯುವವನು’ ಅನ್ನುತ್ತೆ. ಅವನಿಗೆ ಬೋರ್ಡೇ ಕಾಣದೆ ಇರಬಹುದು. ಯಾವಾಗಲೂ ನಿನ್ನ ಮುಖವನ್ನೇ ನೋಡುತ್ತಾ, ಪಕ್ಕದವಳು ಪುಸ್ತಕ ತೆಗೆದ ಮೇಲೆ ತಾನೂ ತೆಗೆಯುವ ಹುಡುಗಿಯನ್ನು ‘ನೋಡಿ ಕಲಿಯುವವಳು’ ಅಂದುಬಿಡಬಹುದು. ಅವಳ ಕಿವಿ ಸೋರುತ್ತಿರಬಹುದು, ನೆಗಡಿಯಾಗಿ ಕೀವು ತುಂಬಿರಬಹುದು. ಹಿಂದಿನ ಗೋಡೆ ಹತ್ತಿರ ನಿಲ್ಲಿಸಿ ಬೋರ್ಡಿನ ಮೇಲಿನ ಸಣ್ಣಕ್ಷರ ಓದಿಸು, ಒಂದೊಂದೇ ಕಣ್ಣು ಮುಚ್ಚಿಸಿ. ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆ. ಅನುಮಾನ ಬಂದರೆ ಬರೆದಿಟ್ಟುಕೋ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಆ ಹೆಸರುಗಳನ್ನು ಮೊದಲು ಮುಂದಿಡು. ಇಲ್ಲದಿದ್ದರೆ ತೂಕ–ಎತ್ತರ ಬರೆದುಕೊಳ್ಳುವುದರಲ್ಲೇ ಅವರ ಹೊತ್ತು ಮುಗಿಯುತ್ತೆ. ತಂಡ ಬರುವುದು ತಡವಾಗುವಂತಿದ್ದರೆ ಮನೆಯವರಿಗೆ ಹೇಳಿ ಹರಿಹರದ ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಕಳಿಸು. ಕನ್ನಡಕ ಬಂದ ಮೇಲೆ ‘ಶೈಲಿ’ ಬದಲಾದ ಮಕ್ಕಳನ್ನು ನಾನು ನೋಡಿದ್ದೇನೆ.

• ಬೆಳಿಗ್ಗೆ ಏನು ತಿಂದು ಬಂದಿದ್ದಾರೆ ಅಂತ ಕೇಳು. ಹನ್ನೊಂದು ಗಂಟೆಗೆ ತೂಕಡಿಸುವ ಮಗುವಿಗೆ ಯಾವ ಶೈಲಿಯೂ ಇರುವುದಿಲ್ಲ.

• ಶೈಲಿ ಪಾಠಕ್ಕೆ ಇರುತ್ತೆ ಅಂತ ಇಟ್ಟುಕೋ. ಪದ್ಯ ಕಿವಿಗೆ ಬೀಳಲೇಬೇಕು, ನಕ್ಷೆ ಕಣ್ಣಿಗೆ ಬೀಳಲೇಬೇಕು, ಲೀಟರು–ಕಿಲೋ ಕೈಗೆ ಸಿಗಲೇಬೇಕು. ಯಾವ ಮಗುವೇ ಆಗಲಿ. ‘ಕಿವಿಯ ಮಗು’ ಅಂತ ನಕ್ಷೆಯನ್ನು ಬಾಯಲ್ಲಿ ವರ್ಣಿಸುತ್ತಾ ಕೂತರೆ ಆ ಮಗುವಿಗೆ ನಕ್ಷೆ ಓದುವುದು ಎಂದೂ ಬರುವುದಿಲ್ಲ.

ತುಂಗಭದ್ರೆಯನ್ನೇ ತಗೋ. ದಿನಾ ನೋಡುವ ಹೊಳೆ, ಆದರೂ ಪಾಠದಲ್ಲಿ ಬಂದರೆ ಮಕ್ಕಳಿಗೆ ಅದು ಬೇರೆ ಯಾವುದೋ ನದಿ. ಅಂಗಳದ ಒಂದು ಮೂಲೆಯಲ್ಲಿ ಮಣ್ಣು ಗುಡ್ಡೆ ಹಾಕಿಸು, ಅದು ಪಶ್ಚಿಮಘಟ್ಟ. ಗಂಗಾಮೂಲದಿಂದ ಎರಡು ಕಾಲುವೆ ತೋಡಿಸು, ತುಂಗೆ ಒಂದು, ಭದ್ರೆ ಒಂದು. ಕೂಡಲಿಯಲ್ಲಿ ಎರಡನ್ನೂ ಸೇರಿಸಲಿ. ಭದ್ರೆಗೆ ಅಡ್ಡಲಾಗಿ ಒಂದು ಕಲ್ಲು ಇಟ್ಟರೆ ಅದೇ ಭದ್ರಾ ಅಣೆಕಟ್ಟು. ಅಲ್ಲಿಂದ ಪಕ್ಕಕ್ಕೆ ಸಣ್ಣ ನಾಲೆ ತೆಗೆದರೆ ಅವರಪ್ಪನ ಗದ್ದೆಗೆ ನೀರು ಯಾಕೆ ಬರುತ್ತೆ ಅನ್ನೋದು ಕೇಳದೆಯೇ ಗೊತ್ತಾಗುತ್ತೆ. ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರಾ ಹಳ್ಳವನ್ನು ಹರಿಹರದ ಹತ್ತಿರ ಸೇರಿಸು. ಹೊಳೆಯ ಈ ದಡ ದಾವಣಗೆರೆ ಜಿಲ್ಲೆ, ಆ ದಡ ಹಾವೇರಿ ಜಿಲ್ಲೆ. ಸೇತುವೆ ದಾಟಿ ಕುಮಾರಪಟ್ಟಣದ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಅಪ್ಪಂದಿರು ದಿನಾ ಜಿಲ್ಲೆ ದಾಟುತ್ತಾರೆ ಅನ್ನೋದು ಮಕ್ಕಳಿಗೆ ಭಾರಿ ಮಜಾ ಕೊಡುವ ಸುದ್ದಿ. ಆಮೇಲೆ ಒಂದು ತಂಬಿಗೆ ನೀರು ಗುಡ್ಡದ ಮೇಲೆ ಸುರಿದು ನೋಡಿ.

ಇಷ್ಟಾದ ಮೇಲೇ ಗೋಡೆಯ ನಕ್ಷೆ ತೋರಿಸು. ನೀರು ಹೋದ ದಾರಿಯನ್ನು ಪ್ರತಿಯೊಬ್ಬರೂ ಬೆರಳಲ್ಲಿ ಗುರುತಿಸಲಿ, ಬಾಯಲ್ಲಿ ಹೇಳಲಿ, ಮಾರನೇ ದಿನ ನೋಡದೆ ಪಟ್ಟಿಯಲ್ಲಿ ಬರೆಯಲಿ. ಎಲ್ಲರೂ ಎಲ್ಲವನ್ನೂ. ಚೆನ್ನಾಗಿ ಚಿತ್ರ ಬರೆಯುವ ಹುಡುಗಿಗೆ ಪ್ರತಿ ಸಲ ಚಿತ್ರವನ್ನೇ, ಮಾತುಗಾರ ಹುಡುಗನಿಗೆ ಮಾತನ್ನೇ ಹಂಚುವ ಚಾಳಿ ನಮಗೆಲ್ಲ ಇದೆ. ಕೆಲಸ ಬೇಗ ಮುಗಿಯುತ್ತೆ, ಅತಿಥಿಗಳು ಬಂದಾಗ ಚಂದ ಕಾಣುತ್ತೆ. ಆದರೆ ಆ ಹುಡುಗಿ ಏಳನೇ ತರಗತಿ ಮುಗಿಸಿದರೂ ನಾಲ್ಕು ಜನರ ಮುಂದೆ ಬಾಯಿ ಬಿಡುವುದಿಲ್ಲ.

• ಹರಿಹರೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗು, ಆದರೆ ‘ಪ್ರವಾಸದ ಬಗ್ಗೆ ಪ್ರಬಂಧ ಬರೆಯಿರಿ’ ಅಂತ ಮಾತ್ರ ಹೇಳಬೇಡ. 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ವಿಗ್ರಹದ ಅರ್ಧ ಹರಿ, ಅರ್ಧ ಹರ. ಯಾವ ಕಡೆ ಯಾರು, ಹೇಗೆ ಗೊತ್ತಾಯಿತು ಅಂತ ಅವರೇ ಕಂಡುಹಿಡಿಯಲಿ. ಈ ದೇವರಿಗೆ ಸಂಬಂಧಿಸಿದ ಗುಹಾಸುರನ ಕಥೆಯನ್ನು ಮನೆಯಲ್ಲಿ ಅಜ್ಜಿಯ ಹತ್ತಿರ ಕೇಳಿಕೊಂಡು ಬರಲಿ. ಮೂರು ಮನೆಯಿಂದ ಮೂರು ಥರದ ಕಥೆ ಬರುತ್ತೆ, ಅಷ್ಟೂ ಕೇಳು. ಮಂಟಪದ ನುಣುಪು ಕಂಬಗಳನ್ನು ಮುಟ್ಟಿ ನೋಡಲಿ, ಸುತ್ತಳತೆಗೆ ದಾರ ಸುತ್ತಿ ಅಳೆಯಲಿ. ಕಲ್ಲನ್ನು ತಿರುಗಿಸಿ ದುಂಡಗೆ ಕಡೆಯುವ ಕೆಲಸ ಹೇಗಿರಬಹುದು ಅಂತ ಕೇಳು. ಲೇತ್ ಯಂತ್ರ ತಯಾರಿಸುತ್ತಿದ್ದ ಊರು ಇದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ, ಅಲ್ಲಿ ದುಡಿದ ಅಜ್ಜಂದಿರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಅವರಲ್ಲೊಬ್ಬರನ್ನು ಶಾಲೆಗೆ ಕರೆಸಿದರೆ ಕಂಬದ ಪಾಠ ಪೂರಾ ಆಗುತ್ತೆ.

• ಅಕ್ಷರ ಕಲಿಸುವಾಗ ಕಣ್ಣು, ಬಾಯಿ, ಕೈ ಮೂರೂ ಒಟ್ಟಿಗೆ ಕೆಲಸ ಮಾಡಲಿ. ಹಿಂದಿನ ಕೂಲಿಮಠಗಳಲ್ಲಿ ಮರಳು ಹರಡಿ, ಬೆರಳಿಂದ ತಿದ್ದಿಸುತ್ತಾ, ತಿದ್ದುವಾಗಲೇ ಜೋರಾಗಿ ಹೇಳಿಸುತ್ತಿದ್ದರು. ಅವರ ಬೆತ್ತ ಬೇಡ, ಮರಳು ಇರಲಿ. ಹೊಳೆದಂಡೆಯ ಊರಲ್ಲಿ ಮರಳಿಗೇನು ಬರ ಅನ್ನಬೇಡ, ಈಗ ಅದು ಬಂಗಾರದ ಬೆಲೆ. ಒಂದು ತಟ್ಟೆಯಷ್ಟು ಸಾಕು.

• ನಲಿಕಲಿಯನ್ನು ಮೇಲಿನಿಂದ ಬಂದ ಆದೇಶ ಅಂತ ನೋಡಬೇಡ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮ ಕೈಯಾರೆ ಕಲಿಕೆಯ ಕಾರ್ಡು ಬರೆದು ಶುರುಮಾಡಿದ್ದು. ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಅದು ಹಬ್ಬಿದ್ದು 2009–10ರಲ್ಲಿ. ಮಕ್ಕಳು ಬೇರೆ ಬೇರೆ ಅನ್ನೋದನ್ನು ನಮ್ಮ ನಾಡಿನ ಸಾಮಾನ್ಯ ಮೇಷ್ಟ್ರುಗಳು ನಿಭಾಯಿಸಿದ ಬಗೆ ಇದು. ಅಲ್ಲಿ ಮಗುವನ್ನು ಕಣ್ಣು–ಕಿವಿ ಅಂತ ವಿಂಗಡಿಸಲಿಲ್ಲ. ಕಲಿಕಾ ಏಣಿಯ ಯಾವ ಮೆಟ್ಟಿಲ ಮೇಲೆ ನಿಂತಿದೆ ಅಂತ ನೋಡಿದರು, ಎಷ್ಟು ಆಸರೆ ಬೇಕು ಅಂತ ನೋಡಿ ಗುಂಪುಗಳಲ್ಲಿ, ಅಂದರೆ ‘ತಟ್ಟೆ’ಗಳಲ್ಲಿ, ಕೂರಿಸಿದರು: ಶಿಕ್ಷಕರ ಬೆಂಬಲದ ತಟ್ಟೆ, ಸಹಪಾಠಿಗಳ ಬೆಂಬಲದ ತಟ್ಟೆ, ಸ್ವಕಲಿಕೆಯ ತಟ್ಟೆ, ಹೀಗೆ.

ಅಕ್ಷರಗಳ ಕ್ರಮ ನೋಡು. ಅ, ಆ, ಇ, ಈ ಅಂತ ಸಾಲು ಹಿಡಿಯದೆ ರ, ಗ, ಸ, ದ, ಅ ಅಂತ ಶುರುವಾಗುತ್ತೆ. ಐದೇ ಅಕ್ಷರ ಬಂದರೆ ಮಗು ‘ಸರ’, ‘ಅರಸ’, ‘ಗರಗಸ’ ಅಂತ ನಿಜವಾದ ಪದ ಓದಿಬಿಡುತ್ತೆ. ಓದಲು ಬಂತು ಅನ್ನುವ ಹಿಗ್ಗು ಮೊದಲ ತಿಂಗಳಲ್ಲೇ ಸಿಗುವುದು ಎಂಥ ದೊಡ್ಡ ವಿಷಯ ಅಂತ ನಿನಗೆ ಆ ಮುಖಗಳನ್ನು ನೋಡಿದಾಗ ತಿಳಿಯುತ್ತೆ.

ನನಗೆ ಅದರಲ್ಲಿ ತುಂಬ ಇಷ್ಟವಾದದ್ದು ಇನ್ನೊಂದು. ಭದ್ರಾ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ನಿನ್ನ ಹಾಜರಿ ಪುಸ್ತಕದಲ್ಲಿ ತೂತು ಬೀಳುತ್ತೆ. ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವಳು ವಾರ ಬಿಟ್ಟು ಬಂದಾಗ, ಬಿಟ್ಟುಹೋದ ಕಾರ್ಡಿನಿಂದಲೇ ಶುರುಮಾಡಬಹುದು. ‘ನೀನು ಬಾರದಿದ್ದಾಗ ಆ ಪಾಠ ಮುಗೀತು’ ಅನ್ನುವ ಮಾತೇ ಅಲ್ಲಿಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಇದೆಲ್ಲ ನಿಂತು, ಬೆಂಚು ಸಾಲಾಗಿ, ಪುಟ ಇಷ್ಟು ತೆಗೀರಿ ಅಂತ ಆಗಿಬಿಡುತ್ತೆ. ನಿನ್ನ ನಾಲ್ಕು–ಐದನೇ ತರಗತಿಯಲ್ಲಿ ದಿನಕ್ಕೆ ಒಂದು ಅವಧಿಯಾದರೂ ಆ ಪದ್ಧತಿ ಉಳಿಸಿಕೋ. ಇಲಾಖೆಯ ‘ಓದು ಕರ್ನಾಟಕ’ ಕಾರ್ಯಕ್ರಮದಲ್ಲಿ ಮಾಡುವುದೂ ಇದನ್ನೇ: ನಾಲ್ಕೋ ಐದೋ ಅಂತ ನೋಡದೆ, ಅಕ್ಷರ ಬಲ್ಲವರು, ಪದ ಓದುವವರು, ವಾಕ್ಯ ಓದುವವರು, ಕಥೆ ಓದುವವರು ಅಂತ ಕೂರಿಸುವುದು.

• ಗುಂಪು ಮಾಡು, ಗುಂಪು ಒಣಗಲು ಬಿಡಬೇಡ. ಮೂರು ವಾರ ಒಂದೇ ತಟ್ಟೆಯಲ್ಲಿ ಕೂತ ಮಗು ತಾನು ಅಲ್ಲಿಯವನೇ ಅಂದುಕೊಳ್ಳುತ್ತೆ, ಮಿಕ್ಕವರೂ ಹಾಗೇ ಕರೆಯಲು ಶುರುಮಾಡುತ್ತಾರೆ. ‘ದಡ್ಡ’ ಅನ್ನೋ ಮಾತನ್ನು ಇಲಾಖೆ ಬಿಡಿಸಿತು, ಒಳ್ಳೆಯದಾಯಿತು. ಆದರೆ ‘ಇವನು ಮಾಡಿ ಕಲಿಯೋನು, ಬರೆಯೋದು ಬರಲ್ಲ ಬಿಡಿ’ ಅಂತ ನಗುನಗುತ್ತಾ ಹೇಳಿದರೂ ಅದು ಅದೇ ಮಾತು, ಬೇರೆ ಅಂಗಿ ತೊಟ್ಟಿದೆ ಅಷ್ಟೆ.

• ಮನೆಮಾತು ಯಾವುದು ಅಂತ ಮೊದಲ ವಾರದಲ್ಲೇ ತಿಳಿದುಕೋ. ಮಲೇಬೆನ್ನೂರು ಕಡೆಯ ಮಗುವಿನ ಮನೆಯಲ್ಲಿ ಉರ್ದು, ತಾಂಡಾದಿಂದ ಬರುವವಳ ಮನೆಯಲ್ಲಿ ಲಂಬಾಣಿ. ಕಥೆ ಕೇಳಿ ಸುಮ್ಮನೆ ಕೂತವಳು ‘ಕಿವಿಯಲ್ಲಿ ಹಿಂದೆ’ ಅಂತ ಬರೆಯುವ ಮೊದಲು, ಅದೇ ಕಥೆಯನ್ನು ಅವಳ ಮಾತಲ್ಲಿ ಪಕ್ಕದವಳಿಗೆ ಹೇಳು ಅನ್ನು. ಚಿತ್ರ ತೋರಿಸಿ ‘ನಿಮ್ಮನೇಲಿ ಇದಕ್ಕೇನಂತೀರಿ?’ ಅಂತ ಕೇಳಿ, ಆ ಪದವನ್ನೂ ಕನ್ನಡ ಲಿಪಿಯಲ್ಲೇ ಬೋರ್ಡಿಗೆ ಹಾಕು. ಕನ್ನಡವೇ ಮನೆಮಾತಾದರೂ ಹಾಲಿಗೆ ‘ಆಲು’, ಹಕ್ಕಿಗೆ ‘ಅಕ್ಕಿ’ ಅನ್ನುವ ಮಕ್ಕಳಿರುತ್ತಾರೆ. ಉಕ್ತಲೇಖನದಲ್ಲಿ ಅವರು ಕೇಳಿಸಿಕೊಂಡ ಹಾಗೇ ಬರೆದಿರುತ್ತಾರೆ, ಅದು ಅಸಡ್ಡೆಯಲ್ಲ. ನಗದೆ, ಎರಡೂ ಪದ ಅಕ್ಕಪಕ್ಕ ಬರೆದು, ಅಂಗೈ ಬಾಯಿಯ ಮುಂದೆ ಹಿಡಿದು ಹೇಳಿಸು. ‘ಹ’ ಅಂದಾಗ ಉಸಿರು ತಾಗುತ್ತೆ.

• ಗಣಿತ. ಅಮ್ಮನ ಜೊತೆ ಸಂತೆಯಲ್ಲಿ ಸೊಪ್ಪು ಮಾರುವವನು, ಮಂಡಕ್ಕಿ ಅಂಗಡಿಯಲ್ಲಿ ಚಿಲ್ಲರೆ ಕೊಡುವವನು ಹಲಗೆಯ ಮೇಲೆ ದಶಕ ತೆಗೆದುಕೊಳ್ಳುವ ಲೆಕ್ಕಕ್ಕೆ ತಡವರಿಸುತ್ತಾನೆ. ಇದು ನಮ್ಮೂರಿನ ವಿಚಿತ್ರವೇನಲ್ಲ. ಬ್ರೆಜಿಲ್‌ನ ರೆಸಿಫೆ ಪಟ್ಟಣದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳನ್ನು ಮೂವರು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ವ್ಯಾಪಾರದಲ್ಲಿ ಅವರ ಲೆಕ್ಕ ನೂರಕ್ಕೆ 98 ಸರಿ. ಅಂಥವೇ ಲೆಕ್ಕಗಳನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ನೂರಕ್ಕೆ 37. ಒಂದು ತೆಂಗಿನಕಾಯಿಗೆ 35 ಆದರೆ ಹತ್ತಕ್ಕೆ ಎಷ್ಟು ಅಂತ ಕೇಳಿದರೆ 12 ವರ್ಷದ ಹುಡುಗ ಮುಂದೊಂದು ಸೊನ್ನೆ ಹಾಕಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಮತ್ತೆ ಮೂರು 315, ಇನ್ನೊಂದು ಸೇರಿಸಿ 350 ಅಂದ.

ಇದರಿಂದ ನಮ್ಮ ಸಂತೆಯ ಹುಡುಗನ ಬಗ್ಗೆ ‘ಅವನು ಕೈಯಿಂದ ಕಲಿಯುವವನು, ಅವನಿಗೆ ಅಂಗಡಿ ಆಟವೇ ಸಾಕು’ ಅನ್ನುವ ತೀರ್ಮಾನಕ್ಕೆ ಬಂದರೆ ಅವನಿಗೆ ಅನ್ಯಾಯ. ಬರೆದು ಮಾಡುವ ಲೆಕ್ಕವೂ ಅವನಿಗೆ ಬೇಕು. ನಾಳೆ ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ, ಭತ್ತದ ತೂಕದ ಚೀಟಿಯಲ್ಲಿ ಯಾರೂ ಮೋಸ ಮಾಡಬಾರದಲ್ಲ. ಅವನು ಬಾಯಲ್ಲಿ ಹೇಳಿದ ಹೆಜ್ಜೆಗಳನ್ನು ನೀನು ಬೋರ್ಡಿನ ಮೇಲೆ ಹಾಗೇ ಬರೆ. ಅದರ ಪಕ್ಕದಲ್ಲಿ ಪುಸ್ತಕದ ರೀತಿ ಬರೆ. ಅವನ ಹೆಜ್ಜೆಗಳಿಗೂ ಪುಸ್ತಕದ ಹೆಜ್ಜೆಗಳಿಗೂ ಎಲ್ಲಿ ಹೊಂದಿಕೆ ಇದೆ ಅಂತ ಇಡೀ ತರಗತಿ ಹುಡುಕಲಿ. ಬರವಣಿಗೆಯಲ್ಲಿ ಚುರುಕಾದ ಹುಡುಗಿಗೂ ಆ ಹೊತ್ತಿಗೆ ಹೊಸದೊಂದು ಸಿಗುತ್ತೆ, ಯಾಕೆಂದರೆ ಅವಳಿಗೆ ಚಿಲ್ಲರೆ ಎಣಿಸಿ ಗೊತ್ತಿರುವುದಿಲ್ಲ.

• ಲೆಕ್ಕ ಕಲಿಸಲು ಹುಣಸೆ ಬೀಜ, ಹತ್ತರ ಕಡ್ಡಿಕಟ್ಟು, ಬಾಟಲಿ ಮುಚ್ಚಳ ಸಾಕು. ನಿನ್ನ ಸಂಬಳದಲ್ಲಿ ಬಣ್ಣಬಣ್ಣದ ಚಾರ್ಟು ಕೊಂಡು ಗೋಡೆ ತುಂಬಬೇಡ. ಶಾಲೆಗೆ ಗಣಿತದ ಕಿಟ್ ಬಂದಿದ್ದರೆ ಬೀರುವಿನ ಬೀಗ ತೆಗೆಸು. ಕಳೆದುಹೋದರೆ ಯಾರು ಜವಾಬ್ದಾರಿ ಅಂತ ಒಳಗೇ ಇಟ್ಟಿರುವುದು ಹಲವು ಕಡೆ ಇದೆ.

• ಪುಸ್ತಕ ಮುಚ್ಚಿಸಿ ಕೇಳುವ ಪದ್ಧತಿ ಬಿಡಬೇಡ. ಇವತ್ತು ಹೇಳಿದ್ದನ್ನು ನಾಳೆ, ಮತ್ತೆ ಸೋಮವಾರ, ಮತ್ತೆ ಹದಿನೈದು ದಿನಕ್ಕೆ. ಮರೆತು ನೆನಪಿಸಿಕೊಳ್ಳುವ ಕಷ್ಟದಲ್ಲೇ ಅದು ಗಟ್ಟಿಯಾಗುವುದು, ಯಾವ ಮಗುವಿಗಾದರೂ. ಸಂಜೆ ಮಗ್ಗಿ ಹೇಳಿಸುವುದನ್ನು ಹಳೇ ಕಾಲದ್ದು ಅಂತ ಹೀಗಳೆಯುವವರ ಮಾತು ಕೇಳಬೇಡ. ಅರ್ಥ ತಿಳಿಸಿ ಹೇಳಿಸು, ಅಷ್ಟೇ.

• ಎಲ್ಲ ದಾರಿ ಹಿಡಿದರೂ ಓದು ಹತ್ತದ ಒಂದಿಬ್ಬರು ಇರುತ್ತಾರೆ. ಬಾಯಲ್ಲಿ ಕೇಳಿದರೆ ವಿಜ್ಞಾನ ಪಟಪಟ, ಓದಿಸಿದರೆ ಪ–ವ, ದ–ಡ ಅದಲುಬದಲು, ಒತ್ತಕ್ಷರ ಬಂದರೆ ಬೆವರು, ನಕಲು ಮಾಡುವಾಗ ಸಾಲು ತಪ್ಪುವುದು. ತಿಂಗಳಾನುಗಟ್ಟಲೆ ಹೀಗೇ ಇದ್ದರೆ ರೋಗದ ಹೆಸರು ನೀನು ಇಡಬೇಡ, ಅಂತರ್ಜಾಲದಲ್ಲಿ ಓದಿದ್ದನ್ನು ತಂದೆ–ತಾಯಿಗೆ ಹೇಳಬೇಡ. ಅವನು ಬರೆದ ಹಾಳೆಗಳನ್ನು ದಿನಾಂಕ ಹಾಕಿ ಜೋಡಿಸಿಟ್ಟು, ಹರಿಹರದ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರಿಗೆ (ಬಿಐಇಆರ್‌ಟಿ) ತೋರಿಸು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ ಸಿಕ್ಕರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಗೂ ದಾರಿಯಾಗುತ್ತೆ. ಅಲ್ಲಿಯ ತನಕ ನಿನ್ನ ಕೈಯಲ್ಲಿರುವುದು ಇಷ್ಟು: ರೂಪಣಾತ್ಮಕ ಮೌಲ್ಯಮಾಪನದಲ್ಲಿ ಅವನನ್ನು ಬಾಯಲ್ಲಿ ಕೇಳು, ಓದುವ ಪಾಠ ದಿನಾ ಹತ್ತು ನಿಮಿಷ ಪಕ್ಕದಲ್ಲಿ ಕೂತು ಮಾಡಿಸು, ಇಡೀ ತರಗತಿ ಎದುರು ಗಟ್ಟಿಯಾಗಿ ಓದಿಸಬೇಡ.

• ತಂದೆ–ತಾಯಿ ಬಂದಾಗ ‘ನಿಮ್ಮ ಮಗ ನೋಡಿ ಕಲಿಯೋನು’ ಅಂತ ಹೇಳಿ ಕಳಿಸಬೇಡ. ಮನೆಗೆ ಹೋಗಿ ಅವರು ಅದನ್ನು ಏನು ಮಾಡಬೇಕು? ‘ಹಿಂದಿನ ತಿಂಗಳು ಪದ ಓದುತ್ತಿದ್ದ, ಈಗ ಸಣ್ಣ ವಾಕ್ಯ ಓದುತ್ತಾನೆ, ರಾತ್ರಿ ಊಟಕ್ಕೆ ಮುಂಚೆ ಇದೊಂದು ಪುಟ ಓದಿಸಿ ಕೇಳಿ’ ಅನ್ನು. ಓದು ಬಾರದ ಅವ್ವ ಕೂಡ ಕೂತು ಕೇಳಬಹುದು.

• ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬಂದು ‘ಇದೇನು ಗಲಾಟೆ?’ ಅಂದರೆ ಹೆದರಬೇಡ. ಒಂದೊಂದು ಮಗುವಿಗೆ ಒಂದೊಂದು ಪುಟ ಇಟ್ಟ ನೋಟ್‌ಬುಕ್ಕು ತೆರೆದು ಮುಂದಿಡು. ಅದರಲ್ಲಿ ಶೈಲಿ–ಗಿಲಿ ಬರೆಯಬೇಡ. ಏನು ಬರುತ್ತೆ, ಎಲ್ಲಿ ತಡೆಯುತ್ತೆ, ಯಾವ ದಿನ ನೋಡಿದ್ದು, ಅಷ್ಟೇ ಬರೆ. ವರ್ಷದ ಆರಂಭದ ಸೇತುಬಂಧದ ಪರೀಕ್ಷೆಯ ಅಂಕಕ್ಕಿಂತ ಯಾವ ಲೆಕ್ಕದಲ್ಲಿ ಹೇಗೆ ತಪ್ಪಿದ ಅನ್ನೋದು ಅಲ್ಲಿ ಇರಲಿ.

• ಇಷ್ಟನ್ನೂ ಒಟ್ಟಿಗೆ ಶುರುಮಾಡಿದರೆ ಗೌರಿ ಹಬ್ಬದ ಹೊತ್ತಿಗೆ ನೀನೇ ಮಲಗುತ್ತೀಯ. ಜೂನ್‌ನಲ್ಲಿ ಕಣ್ಣು–ಕಿವಿ, ಮನೆಮಾತು, ನೋಟ್‌ಬುಕ್ಕು. ಜುಲೈನಲ್ಲಿ ನಲಿಕಲಿ ಕೊಠಡಿಯ ತಟ್ಟೆಗಳನ್ನು ಸರಿಮಾಡಿಕೋ. ಅಂಗಳದ ತುಂಗಭದ್ರೆಗೆ ಆಗಸ್ಟ್ ಒಳ್ಳೆಯದು, ಮಣ್ಣು ಹದವಾಗಿರುತ್ತೆ, ಹೊಳೆಯೂ ತುಂಬಿರುತ್ತೆ. ನಾಲ್ಕು–ಐದನೇ ತರಗತಿಯ ಗಣಿತಕ್ಕೆ ದಸರಾ ರಜೆ ಮುಗಿದ ಮೇಲೆ ಕೈ ಹಾಕು. ರಜೆಗೆ ಬಂದಾಗ ಆ ಎರಡು ತರಗತಿಯ ಗಣಿತ ಪುಸ್ತಕ ತಗೊಂಡು ಬಾ, ಕೂತು ಯಾವ ಪಾಠದಿಂದ ಶುರುಮಾಡೋದು ಅಂತ ನೋಡೋಣ.